ನಂಬರ್ ಇದ್ದ ಜಾಗ

ಮಾವಿನ ಮರ ಬಿದ್ದ ಮೇಲೂ ಮಿಷಿನ್ ಸದ್ದು ನಿಲ್ಲಲಿಲ್ಲ.

"ಇನ್ನೂ ಎಂತ ಕೊಯ್ತಾರೆ ಅವರು?" ಗಂಡ ಧರ್ಮಪಾಲರ ಹೆಣದ ತಲೆಯ ಬಳಿ ಕುಳಿತಿದ್ದ ಅಪ್ಪಿ ಕೇಳಿದರು.

"ಸಣ್ಣ ತುಂಡು ಮಾಡ್ಬೇಡ್ವಾ ಅಪ್ಪಿಯಕ್ಕ? ಇಡೀ ಮರ ಚಿತೆಗೆ ಇಡ್ಲಿಕ್ಕೆ ಆಗ್ತದಾ?" ಎಂದರು ಧರ್ಮಪಾಲರ ಹಳೆ ಗೆಳೆಯ ಡೆನಿಸ್. ಸುದ್ದಿ ಸಿಕ್ಕಿದ್ದೇ ಕುಕ್ಕುಂದೂರಿನಿಂದ ಮೊದಲ ಬಸ್ಸಿಗೆ ಬಂದಿದ್ದರು.

ನವ್ಯಶ್ರೀ ಅಪ್ಪನ ಉಗುರುಗಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ಆಸ್ಪತ್ರೆಯಲ್ಲಿ ಮೂರು ವಾರ ಮಲಗಿದ್ದರೂ ಸಂದಿಯ ಗ್ರೀಸ್ ಹೋಗಿರಲಿಲ್ಲ. ಹಿತ್ತಲಿನ ಸದ್ದು ಈಗ ತೆಳ್ಳಗಾಗಿ ಹಲ್ಲಿಗೆ ತಾಗುವ ಹಾಗೆ ಬರುತ್ತಿತ್ತು. ಬೇರೆ ದಿನವಾಗಿದ್ದರೆ ಮೆಕ್ಯಾನಿಕ್‌ನ ಮಗಳಿಗೆ ಅದು ಎಂತದೆಂದು ಗೊತ್ತಾಗುತ್ತಿತ್ತು.

ಸ್ವಲ್ಪ ಹೊತ್ತಿಗೆ ಯೋಗೀಶ್ ಮನೆಯ ಹಿಂದಿನಿಂದ ಬಂದ. ಇಪ್ಪತ್ತೆಂಟು ವರ್ಷ ಹಿರಿಯಡ್ಕದ ಅಂಗಡಿಯಲ್ಲಿ ಧರ್ಮಪಾಲರ ಜೊತೆ ಸ್ಪ್ಯಾನರ್ ಹಿಡಿದವನು. ನಲ್ಲಿಯಲ್ಲಿ ಎರಡೆರಡು ಸಲ ಸೋಪು ಹಾಕಿ ಕೈ ತೊಳೆದ.

"ಯೋಗೀಶ, ಬೆಂಕಿ ನೀನೇ ಇಡ್ಬೇಕು ಮಗಾ," ಎಂದರು ಅಪ್ಪಿ. "ನಮಗೆ ಗಂಡುಮಗ ಅಂತ ಇದ್ದದ್ದು ನೀನೇ ಅಲ್ವಾ?"

ಅವನು ತಲೆ ತಗ್ಗಿಸಿದ. "ಆಯ್ತು ಅಕ್ಕ." ಮತ್ತೆ ನವ್ಯಶ್ರೀಯ ಹತ್ತಿರ ಬಗ್ಗಿ, "ಬೆಳಿಗ್ಗೆ ನೀನು ಕೊಟ್ಟ ಆರ್‌ಸಿ ಬುಕ್ ನನ್ನ ಹತ್ರ ಭದ್ರ ಉಂಟು. ಸ್ಕೂಟರನ್ನು ನಿನ್ನ ಹೆಸರಿಗೆ ಮಾಡಿಸುವ ಕೆಲಸ ನನಗೆ ಬಿಡು," ಎಂದ.

ಅವಳ ಕಣ್ಣು ತುಂಬಿತು. ಇಂಥ ದಿನವೂ ಇದನ್ನು ನೆನಪಿಟ್ಟವನು ಇವನೊಬ್ಬನೇ. ಮೊನ್ನೆ ಮಣಿಪಾಲದಲ್ಲಿ ಅಪ್ಪ ಕೊನೆಯದಾಗಿ ಸರಿಯಾಗಿ ಆಡಿದ ಮಾತೂ ಅದೇ ಆಗಿತ್ತು. "ಸ್ಕೂಟರ್ ನಿನಗೆ. ಓಡಿಸದಿದ್ರೂ ಅಡ್ಡಿ ಇಲ್ಲ. ನಂಬರನ್ನು ಮಾತ್ರ ಜೋಪಾನ ನೋಡಿಕೋ."

*

ಡೆನಿಸರಿಗೆ ಧರ್ಮಪಾಲ ಸಿಕ್ಕಿದ್ದು ಒಂದು ನಂಬರಿನಿಂದ. ಕಾಪುವಿನ ಭಾವನ ಮನೆಯಲ್ಲಿ, ಕಡಲ ಗಾಳಿಗೆ ಎಂಟು ವರ್ಷ ನಿಂತಿದ್ದ ತಮ್ಮ ಸ್ಕೂಟರನ್ನು ಡೆನಿಸ್ ರಿಜಿಸ್ಟ್ರೇಶನ್ ನವೀಕರಿಸಲು ಆರ್‌ಟಿಒ ಕಚೇರಿಗೆ ಒಯ್ದಿದ್ದರು. ತಗಡಿನಲ್ಲಿ ಒತ್ತಿದ ಚಾಸಿ ನಂಬರ್ ತುಕ್ಕಿನಡಿ ಕಾಣುವುದಿಲ್ಲ, ಪೆನ್ಸಿಲ್ ಪ್ರಿಂಟ್ ತನ್ನಿ ಎಂದು ಅಲ್ಲಿಯವರು ವಾಪಸು ಕಳಿಸಿದ್ದರು.

ಧರ್ಮಪಾಲ ಪಕ್ಕದ ಮುಚ್ಚಳ ಬಿಚ್ಚಿ, ಒಳಗಿನ ತಗಡಿನ ಅಂಚಿಗೆ ಸೀಮೆಎಣ್ಣೆಯ ಬಟ್ಟೆ ಸುತ್ತಿ, "ಮೂರು ದಿನ ಬಿಟ್ಟು ಬನ್ನಿ," ಎಂದಿದ್ದರು.

"ಮೂರು ದಿನವಾ? ವೈರ್ ಬ್ರಶ್ ಹಾಕಿ ತಿಕ್ಕು ಮಾರಾಯ, ಈಗಲೇ ಮುಗೀತದೆ!"

"ತುಕ್ಕಿನ ಜೊತೆ ನಂಬರೂ ಮುಗೀತದೆ. ನಿಮ್ಮ ಇಗರ್ಜಿಯಲ್ಲಿ ಮಗುವಿಗೆ ಹೆಸರಿಡುವಾಗ ಬ್ರಶ್ ಹಾಕಿ ತಿಕ್ತಾರಾ?"

ನಾಲ್ಕನೆಯ ದಿನ ಮೆತ್ತಗಾದ ತುಕ್ಕನ್ನು ಹಳೆ ಬನಿಯನ್ನಿನಿಂದ ಒರೆಸಿ, ಕಾಗದ ಒತ್ತಿ ಹಿಡಿದು, ಪೆನ್ಸಿಲನ್ನು ಅಡ್ಡ ಮಲಗಿಸಿ ಮೆಲ್ಲ ಉಜ್ಜಿದರು. ಕಪ್ಪಿನ ನಡುವೆ ಒಂದೊಂದೇ ಅಂಕೆ ಬೆಳ್ಳಗೆ ಎದ್ದು ಬಂತು. ಮತ್ತೆ ತಮ್ಮ ಸ್ವಂತ ಸ್ಕೂಟರಿಗೆ ಮಾಡಿದ್ದ ಹಾಗೆಯೇ ಆ ಜಾಗಕ್ಕೆ ತೆಳ್ಳಗೆ ಗ್ರೀಸ್ ಹಚ್ಚಿ, ಹಳೆ ಟ್ಯೂಬಿನ ತುಂಡು ಮುಚ್ಚಿ, ನೈಲಾನ್ ದಾರದಿಂದ ಎರಡು ಸುತ್ತು ಸುತ್ತಿ ಒಂದು ಕುಣಿಕೆ ಹಾಕಿದರು. ಆ ಕುಣಿಕೆ ಹಾಕಲು ಬರುತ್ತಿದ್ದದ್ದು ಅವರಿಗೆ, ನವ್ಯಶ್ರೀಗೆ ಮತ್ತು ಯೋಗೀಶನಿಗೆ ಮಾತ್ರ.

*

ಹೋದ ವರ್ಷ ಕಾರಿನಲ್ಲಿ ಒಬ್ಬ ಮನೆಗೇ ಬಂದಿದ್ದ. ಧರ್ಮಪಾಲರ ಸ್ಕೂಟರಿನಂಥದ್ದೇ ಒಂದು ಅವನ ಹತ್ತಿರವೂ ಇತ್ತಂತೆ, ಪೈಂಟು ಹೊಡೆಸಿ ಮದುಮಗನ ಹಾಗೆ ಮಾಡಿದ್ದನಂತೆ. ಕಾಗದಪತ್ರ ಮಾತ್ರ ಇರಲಿಲ್ಲ.

"ನಿಮ್ಮದು ಹೇಗೂ ಮೂಲೆಯಲ್ಲಿ ಉಂಟು. ಆ ನಂಬರಿನ ತುಂಡೊಂದು ಕತ್ತರಿಸಿ ಕೊಡಿ, ಆರ್‌ಸಿ ಬುಕ್ಕೂ ಕೊಡಿ. ನನ್ನದಕ್ಕೆ ವೆಲ್ಡ್ ಮಾಡಿಸ್ತೇನೆ. ಯಾರಿಗೆ ಗೊತ್ತಾಗ್ತದೆ?"

"ನಿನ್ನ ಅಜ್ಜ ಸತ್ತಾಗ ಅವರ ಹೆಸರು ಕಿತ್ತು ಪಕ್ಕದ ಮನೆಯವನಿಗೆ ಅಂಟಿಸಿದ್ಯಾ?" ಎಂದು ಕೇಳಿದ್ದರು ಧರ್ಮಪಾಲ.

ಎಲ್ಲರಿಗಿಂತ ಜೋರಾಗಿ ನಕ್ಕವನು ಯೋಗೀಶ್. "ಸರಿಯಾಗಿ ಕೊಟ್ರಿ ಅಣ್ಣ!" ಎಂದವನು, ಕಾರು ತಿರುಗಿಸಲು ದಾರಿ ತೋರಿಸುತ್ತೇನೆಂದು ಅವನ ಹಿಂದೆಯೇ ಹೋದ. ಯೋಗೀಶ್ ವಾಪಸು ಬರುವಾಗ ನವ್ಯಶ್ರೀ ತಂದಿಟ್ಟ ಚಾ ತಣಿದುಹೋಗಿತ್ತು.

*

ಬೆಂಕಿ ಇಡುವಾಗ ಯೋಗೀಶ್ ಬಿಕ್ಕಿ ಬಿಕ್ಕಿ ಅತ್ತ. ನಾಲ್ಕು ಜನ ಹಿಡಿದುಕೊಳ್ಳಬೇಕಾಯಿತು. "ಹೊಟ್ಟೆಯಲ್ಲಿ ಹುಟ್ಟಿದವರೂ ಹೀಗೆ ಅಳುವುದಿಲ್ಲ," ಎಂದು ಹೆಂಗಸರು ಮಾತಾಡಿಕೊಂಡರು. ಹಸಿ ಮಾವು ಮೊದಲು ಹೊಗೆಯಾಡಿತು, ಆಮೇಲೆ ಹಿಡಿಯಿತು.

ಜನ ಮಿಂದು ಚದುರಿದ ಮೇಲೆ ಡೆನಿಸ್ ನವ್ಯಶ್ರೀಯ ಹತ್ತಿರ ಬಂದು ನಿಂತರು.

"ಕೇಳ್ಲಿಕ್ಕೆ ನಾಚಿಕೆ ಆಗ್ತದೆ ಮಗಾ. ಫೋಟೋ ಎಲ್ಲರ ಹತ್ರವೂ ಉಂಟು. ನಂಗೆ ಅವನ ಸ್ಕೂಟರಿನ ನಂಬರ್ ಒಂದು ಕಾಗದದಲ್ಲಿ ತೆಗೆದು ಕೊಡ್ತೀಯಾ? ಅವನು ತೆಗೀತಿದ್ದ ಹಾಗೆ."

ಅವಳು ಅಂದು ಮೊದಲ ಬಾರಿ ಸ್ವಲ್ಪ ನಕ್ಕಳು. ಅಪ್ಪನ ಪೆನ್ಸಿಲ್, ಒಂದು ಹಾಳೆ ಹಿಡಿದು ಸ್ಕೂಟರ್ ನಿಲ್ಲಿಸಿದ್ದ ಹಿತ್ತಲಿನ ಶೆಡ್ಡಿಗೆ ಹೋದಳು. ಒಳಗೆ ಸುಟ್ಟ ಪೈಂಟಿನ ವಾಸನೆ ಇತ್ತು. ಚಿತೆಯದ್ದೇ ಇರಬೇಕು ಅಂದುಕೊಂಡಳು. ಮುಚ್ಚಳ ಬಿಚ್ಚಿದಳು. ಟ್ಯೂಬಿನ ತುಂಡು ಇತ್ತು. ಎರಡು ಸುತ್ತು, ಒಂದು ಕುಣಿಕೆ, ಎಲ್ಲ ಸರಿಯಾಗಿತ್ತು. ಎಳೆದರೆ ದಾರ ಸಲೀಸಾಗಿ ಬಿಚ್ಚಿತು.

ಟ್ಯೂಬಿನ ಅಡಿಯಲ್ಲಿ ತಗಡು ಇರಲಿಲ್ಲ. ಬೆರಳುದ್ದದ ಚೌಕ ತೂತಿನ ಆಚೆ ನೆಲ ಕಾಣುತ್ತಿತ್ತು. ನೆಲದಲ್ಲಿ ಕಬ್ಬಿಣದ ಕಪ್ಪು ಹುಡಿ ಬಿದ್ದಿತ್ತು. ಕೊಯ್ದ ಅಂಚಿಗೆ ತುಕ್ಕು ಹಿಡಿಯದ ಹಾಗೆ ತೆಳ್ಳಗೆ ಗ್ರೀಸ್ ಹಚ್ಚಿತ್ತು. ಅಪ್ಪ ಕಲಿಸಿದ ಹಾಗೆಯೇ.

"ಅಮ್ಮಾ," ಕೂತಲ್ಲಿಂದಲೇ ಕರೆದಳು, "ಯೋಗೀಶಣ್ಣ ಎಲ್ಲಿ?"

"ಹೋದ ಮಗಾ," ಹಿತ್ತಲ ಬಾಗಿಲಲ್ಲಿ ಅಪ್ಪಿಯ ಸ್ವರ ಒಡೆದಿತ್ತು. "ಸಾವಿನ ಮನೆಯಿಂದ ಬರ್ತೇನೆ ಅಂತ ಹೇಳಿ ಹೋಗ್ಲಿಕ್ಕೆ ಇಲ್ಲ ಅಲ್ವಾ? ಪಾಪ, ಕ್ರಮ ಗೊತ್ತಿದ್ದವನು. ಹೇಳದೆಯೇ ಹೋದ."

"ಸಿಕ್ಕಿತಾ ನವ್ಯಾ?" ಹೊರಗಿನಿಂದ ಡೆನಿಸ್ ಕೇಳಿದರು.

ಅವಳು ಹಾಳೆಯನ್ನು ಆ ಜಾಗಕ್ಕೆ ಒತ್ತಿ ಹಿಡಿದು, ಪೆನ್ಸಿಲ್ ಅಡ್ಡ ಮಲಗಿಸಿ ಉಜ್ಜತೊಡಗಿದಳು. ಮೊದಲು ಒಂದು ಅಂಚು ಮೂಡಿತು, ಮತ್ತೆ ಇನ್ನೊಂದು, ನಾಲ್ಕೂ ಮೂಡಿದವು. ನಡುವಿಗೆ ಬಂದಾಗ ಪೆನ್ಸಿಲ್ ಹಾಳೆಯನ್ನು ಹರಿದುಕೊಂಡು ಆಚೆ ಹೋಯಿತು.