ಅಡುಗೆಮನೆಯ ಸೀನು

"ಎಲ್ಲವ್ನಮ್ಮ ನನ್ ಮಗ? ಅರ್ಧ ಪಿಚ್ಚರ್ ಮುಗೀತು, ಒಂದ್ ಸಲಾನೂ ಕಾಣ್ನಿಲ್ವಲ್ಲ," ಎಂದು ನಂಜಮ್ಮ ಕತ್ತಲಲ್ಲೇ ಸೊಸೆಯ ತೋಳು ಜಗ್ಗಿದರು.

"ಈಗ ಅಣೆಕಟ್ಟೆ ಮೇಲಿಂದ ಜಿಗಿದ್ರಲ್ಲ ಅತ್ತೆ, ಅವ್ರೇ," ಎಂದಳು ಪ್ರತಿಭಾ.

"ಅದು ಈರೋ ಅಲ್ವಾ?"

"ಮುಖ ಹೀರೋದು. ಮೈ ನಿಮ್ಮ ಮಗಂದು."

ನಂಜಮ್ಮನಿಗೆ ಅರ್ಥವಾಗಲಿಲ್ಲ. ಚಿತ್ರದಲ್ಲಿ ವಿಜ್ಞಾನಿಯೊಬ್ಬ ನಾಯಕನ ತೊಟ್ಟು ರಕ್ತದಿಂದ ಅವನಂಥವನೇ ಇನ್ನೊಬ್ಬನನ್ನು ಬೆಳೆಸುತ್ತಾನೆ; ಆ ತದ್ರೂಪಿ ಪ್ರಯೋಗಾಲಯದಿಂದ ತಪ್ಪಿಸಿಕೊಂಡು ಬಂದು ಅಸಲಿಯವನ ಬದುಕನ್ನೇ ಕಿತ್ತುಕೊಳ್ಳಲು ಹೊರಡುತ್ತಾನೆ. ಇಬ್ಬರೂ ಒಟ್ಟಿಗೆ ಕಾಣಬೇಕಾದ ಕಡೆಯೆಲ್ಲ ಒಬ್ಬನ ಜಾಗದಲ್ಲಿ ಬೇರೆ ಯಾರಾದರೂ ನಿಲ್ಲಲೇಬೇಕಲ್ಲ. ನಂಜಮ್ಮನ ಮಗ, ಹಾಸನದಲ್ಲಿ ಜಿಮ್ ನಡೆಸುವ ಅರುಣ್‌ಕುಮಾರ್, ಹಾಗೆ ನಿಂತವನು. ಅವನ ಎತ್ತರ, ಭುಜ, ನಡಿಗೆ ಎಲ್ಲ ನಾಯಕನದೇ ಅಚ್ಚು. ಮುಖವನ್ನು ಆಮೇಲೆ ಕಂಪ್ಯೂಟರಿನಲ್ಲಿ ಬದಲಾಯಿಸಿದ್ದರು.

ತಾನು ಕೆಲಸ ಮಾಡುವ ಶಾಂತಿಗ್ರಾಮದ ಡೇರಿಗೆ ಹಾಲು ಹಾಕಲು ಬರುವವರಿಗೆಲ್ಲ ಪ್ರತಿಭಾ ಇದನ್ನು ಬಿಡಿಸಿ ಹೇಳಿದ್ದಳು. ಹೇಳುವಾಗೆಲ್ಲ ಅವಳ ದನಿ ತುಸು ಏರುತ್ತಿತ್ತು. "ಬರೀ ಫೈಟು ಕಣೆ, ಬೀಳೋದು ಏಳೋದು," ಎಂದು ಅರುಣ್ ಅವಳಿಗೆ ಹೇಳಿದ್ದ.

ಪರದೆಯ ಮೇಲೆ ತದ್ರೂಪಿ ಈಗ ನಾಯಕನ ಮನೆಯೊಳಗೆ ಕಾಲಿಟ್ಟ. ನಾಯಕಿ ಅಡುಗೆಮನೆಯಲ್ಲಿದ್ದಳು. ಗಂಡನೇ ಬಂದನೆಂದುಕೊಂಡು ಅವನ ಎದೆಗೆ ಒರಗಿದಳು. ಅಸಲಿ ಗಂಡ ಕಿಟಕಿಯಾಚೆ ನಿಂತು, ತನ್ನದೇ ಮುಖದವನು ತನ್ನ ಹೆಂಡತಿಯನ್ನು ತಬ್ಬಿರುವುದನ್ನು ನೋಡುತ್ತಿದ್ದ. ಶಿಳ್ಳೆ ಹೊಡೆಯುತ್ತಿದ್ದವರೂ ಸುಮ್ಮನಾದರು.

ತದ್ರೂಪಿಯ ಎಡಗೈ ಅವಳ ಕೂದಲನ್ನು ಪಕ್ಕಕ್ಕೆ ಸರಿಸಿತು. ಹೆಬ್ಬೆರಳು ಕಿವಿಯ ಹಿಂದೆ, ಮೂಳೆಯ ಗುಂಟ, ಮೆಲ್ಲಗೆ ಕೆಳಗಿಳಿಯಿತು. ಮತ್ತೆ ಮೇಲೇರಿತು.

ಆ ಬೆರಳು ಪ್ರತಿಭಾಳಿಗೆ ಗೊತ್ತಿತ್ತು. ಮದುವೆಯಾದ ಹೊಸದರಲ್ಲಿ ಅವಳು ತಲೆನೋವೆಂದು ಮಲಗಿದ್ದಾಗ ಆ ಬೆರಳು ಮೊದಲ ಸಲ ಹಾಗೆ ಓಡಾಡಿತ್ತು. ಆಮೇಲೆ ತಲೆನೋವಿಲ್ಲದಿದ್ದರೂ ಓಡಾಡುತ್ತಿತ್ತು. ಲೋಕದಲ್ಲಿ ತನ್ನೊಬ್ಬಳಿಗೇ ಗೊತ್ತಿದ್ದ ಸಂಗತಿ ಎಂದು ಅವಳು ತಿಳಿದಿದ್ದಳು. ಈಗ ಅದು ಅಷ್ಟಗಲ ಪರದೆಯ ಮೇಲಿತ್ತು, ಬೇರೊಬ್ಬಳ ಕಿವಿಯ ಹಿಂದೆ.

ಆ ಬೇರೊಬ್ಬಳು ಕಣ್ಣು ಮುಚ್ಚಿಕೊಂಡಳು. ಎಷ್ಟು ಸಲ ಮುಚ್ಚಿಕೊಂಡಿರಬಹುದು? ಒಂದೇ ಏಟಿಗೆ ಯಾವ ಸೀನೂ ಮುಗಿಯುವುದಿಲ್ಲ ಎಂದು ಅರುಣನೇ ಹೇಳಿದ್ದ. ಆ ಸೀನು ತೆಗೆದ ಸಂಜೆಯೂ ಮನೆಗೆ ಬಂದು, ಇವತ್ತು ಬರೀ ಕಾಯೋದೇ ಆಯ್ತು ಎಂದು ಮುದ್ದೆ ಉಂಡು ಮಲಗಿದ್ದನೇನೋ.

ಅವಳ ಇನ್ನೊಂದು ಪಕ್ಕದಲ್ಲಿ ಕೂತಿದ್ದ ಅರುಣ್ ಪರದೆಯನ್ನು ನೋಡುತ್ತಿರಲಿಲ್ಲ. ಅವಳನ್ನೇ ನೋಡುತ್ತಿದ್ದ. ಅದು ಅವಳಿಗೆ ಓರೆಗಣ್ಣಿನಲ್ಲೇ ತಿಳಿಯಿತು. ಅವಳು ತಿರುಗಲಿಲ್ಲ. ಕೊನೆಗೆ ತದ್ರೂಪಿ ಸತ್ತು ಬಿದ್ದಾಗ ಇಡೀ ಟಾಕೀಸು ಚಪ್ಪಾಳೆ ತಟ್ಟಿತು. ಅವಳೂ ತಟ್ಟಿದಳು, ಜೋರಾಗಿಯೇ.

ಹೊರಗೆ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ನಂಜಮ್ಮ ಎಳನೀರಿನ ಗಾಡಿಯತ್ತ ಹೋದರು.

"ಅಡುಗೆಮನೆ ಸೀನ್ ನೋಡ್ದಾ?" ಎಂದ ಅರುಣ್.

"ಹ್ಞೂಂ. ಹೀರೋ ಚೆನ್ನಾಗ್ ಮಾಡವ್ರೆ."

"ಕಿಟಕಿ ಆಚೆ ನಿಂತಿದ್ದೋನು ಹೀರೋ. ಒಳಗಿದ್ದೋನು ನಾನು ಕಣೆ." ಅವನು ದನಿ ತಗ್ಗಿಸಿದ. "ಹೇಳಿದ್ರೆ ನೀನು ಬೇಜಾರ್ ಮಾಡ್ಕೋತೀಯ ಅಂತ ಹೇಳಿರ್ಲಿಲ್ಲ. ಮನೇಲಿ ಹೆಂಡ್ತಿ ಹತ್ರ ಹೆಂಗಿರ್ತೀಯೋ ಅಂಗೇ ಇರು ಅಂದ್ಬುಟ್ರು ಡೈರೆಕ್ಟ್ರು. ನಂಗೆ ಬೇರೆ ಏನ್ ಗೊತ್ತು? ನಿನ್ನನ್ನೇ ನೆನಸ್ಕೊಂಡೆ. ಊರಲ್ಲಿ ಯಾರ್ಗೂ ಗೊತ್ತಾಗಲ್ಲ, ನೀನೊಬ್ಳು ಗುರ್ತು ಹಿಡೀತೀಯ ಅಂದ್ಕೊಂಡಿದ್ದೆ."

ಅವನ ಕಣ್ಣಲ್ಲಿ ಆಸೆಯಿತ್ತು. ಪ್ರತಿಭಾಳಿಗೆ ಅದು ಕಂಡಿತು. ಒಂದು ಮಾತು ನಾಲಗೆಯ ತುದಿಗೂ ಬಂತು. ಆದರೆ ನಾಯಕಿಯ ಮುಚ್ಚಿದ ಆ ಕಣ್ಣುಗಳು ಇನ್ನೂ ಅವಳ ಮುಂದಿದ್ದವು.

"ನಂಗೇನೂ ಗೊತ್ತಾಗ್ಲಿಲ್ಲ," ಎಂದಳು. "ಯಾರ್ದೋ ಕೈ ಅನ್ನಿಸ್ತು."

ಅರುಣ್ ತಲೆಯಾಡಿಸಿದ. ಆಮೇಲೆ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡ.

"ಅಂಕಲ್, ಒಂದ್ ಫೋಟೋ ತೆಕ್ಕೊಡ್ತೀರಾ?" ಕಾಲೇಜು ಹುಡುಗಿಯರು ಅವನ ಮುಂದೆ ಮೊಬೈಲು ಹಿಡಿದರು. ಟಾಕೀಸಿನ ಮುಂದೆ ನಾಯಕನ ಎರಡಾಳೆತ್ತರದ ಕಟೌಟಿತ್ತು. ಅವರು ಅದರ ಕಾಲಿಗೆ ಒರಗಿ ಸಾಲಾಗಿ ನಿಂತರು. "ಹೀರೋ ಪೂರ್ತಿ ಬರ್ಬೇಕು ಅಂಕಲ್. ಇನ್ನೂ ಹಿಂದಕ್ಕೆ ಹೋಗಿ."

ಅರುಣ್ ಮೊಬೈಲನ್ನು ಕಣ್ಣಿನ ನೇರಕ್ಕೆ ಹಿಡಿದು ಒಂದೊಂದೇ ಹೆಜ್ಜೆ ಹಿಂದಕ್ಕೆ ಬಂದ. ಬೆವರಿಗೆ ಅಂಗಿ ಬೆನ್ನಿಗೆ ಅಂಟಿತ್ತು. "ಇನ್ನೂ ಸ್ವಲ್ಪ," ಎಂದರು ಹುಡುಗಿಯರು. ಹಿಂದೆ ಯಾರಿದ್ದಾರೆಂದು ನೋಡದೆ ಅವನು ಮತ್ತೊಂದು ಹೆಜ್ಜೆ ಇಟ್ಟ. ಆ ಬೆನ್ನಿಗೂ ಪ್ರತಿಭಾಳಿಗೂ ನಡುವೆ ಗೇಣು ಜಾಗ ಉಳಿಯಿತು.

ಅವಳು ಪಕ್ಕಕ್ಕೆ ಸರಿಯಲಿಲ್ಲ.