ಯಜಮಾನರ ಮೆಷಿನ್

ಅಪ್ಪನ ವಿವರಗಳನ್ನು ಎರಡನೇ ಸಲ ಒತ್ತಿದರೂ ಪರದೆಯ ಮೇಲೆ ಏನೂ ಬರಲಿಲ್ಲ. ಬ್ಯಾಂಕಿನಲ್ಲಿ ಸಾಲ ನೋಡಿಕೊಳ್ಳುವ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೀವು ಯಾವತ್ತೂ ಸಾಲಾನೇ ತಗೊಂಡಿಲ್ವಾ?"

"ಇಲ್ಲ ಮೇಡಂ." ಅಪ್ಪ ನೆಟ್ಟಗೆ ಕೂತರು. ಮೂವತ್ತು ವರ್ಷದಿಂದ ನಲ್ಲಿ, ಪೈಪು ರಿಪೇರಿ ಮಾಡುವವರು. ಇವತ್ತು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. "ಹಾಸಿಗೆ ಇದ್ದಷ್ಟೇ ಕಾಲು ಚಾಚಿದ್ದು. ಯಾರ ಮುಂದೂ ಕೈ ಒಡ್ಡಿಲ್ಲ."

"ಅದೇ ತೊಂದರೆ. ತಗೊಂಡು ತೀರಿಸಿದ್ರೆ ತಾನೇ, ನೀವು ತೀರಿಸೋ ಪೈಕಿ ಅಂತ ನಮಗೆ ಗೊತ್ತಾಗೋದು? ನಿಮ್ಮ ಮಗಳದ್ದೂ ಖಾಲಿ, ನಿಮ್ಮದೂ ಖಾಲಿ."

ಅದು ಹೊಗಳಿಕೆಯೋ ತೆಗಳಿಕೆಯೋ ಅಪ್ಪನಿಗೆ ತಿಳಿಯಲಿಲ್ಲ. ಪಕ್ಕದಲ್ಲಿ ತಂಗಿ ಫೈಲಿನ ಮೂಲೆಯನ್ನು ಉಗುರಿನಿಂದ ಕೆರೆಯುತ್ತಿದ್ದಳು. ಹಲ್ಲಿನ ಡಾಕ್ಟರ್ ಓದು ಮುಗಿಸಿದವಳಿಗೆ ಈಗ ಮೇಲಿನ ಓದಿಗೆ ಸೀಟು ಸಿಕ್ಕಿತ್ತು. ಶುಕ್ರವಾರದೊಳಗೆ ಫೀಸು ಕಟ್ಟದಿದ್ದರೆ ಅದು ಪಟ್ಟಿಯಲ್ಲಿ ಮುಂದಿನವರಿಗೆ. ಇವತ್ತು ಬುಧವಾರ.

"ಮನೇಲಿ ಬೇರೆ ಯಾರಾದ್ರೂ ಸಂಪಾದಿಸ್ತಾರಾ?"

ತಂಗಿ ಹಿಂದಕ್ಕೆ ತಿರುಗಿದಳು. ಹಿಂದಿನ ಕುರ್ಚಿಯಲ್ಲಿ ಅಕ್ಕ ಕೂತಿದ್ದಳು. ಎಂಟನೇ ತರಗತಿಗೆ ಶಾಲೆ ಬಿಟ್ಟು, ಬಟ್ಟೆ ಅಂಗಡಿಯೊಂದಕ್ಕೆ ಮನೆಯಲ್ಲೇ ಹೊಲಿದು ಕೊಡುವವಳು. ಇವತ್ತು ಬಂದದ್ದು ಕಾಗದಗಳ ಚೀಲ ಹಿಡಿದುಕೊಳ್ಳಲು.

"ಅವಳಾ? ಅವಳಿಗೆಲ್ಲಿಂದ ಬರ್ಬೇಕು ಇವೆಲ್ಲ," ಎಂದರು ಅಪ್ಪ.

"ನೋಡೋಣ. ಒತ್ತಿದ್ರೆ ನನ್ನ ಬೆರಳೇನೂ ಸವೆಯಲ್ಲ."

ಏನು ಬರುತ್ತದೆಂದು ಅಕ್ಕನಿಗೆ ಗೊತ್ತಿತ್ತು. ಪ್ಯಾನ್ ಕಾರ್ಡು ಮನೆಯಲ್ಲಿದೆ ಎನ್ನಬಹುದಿತ್ತು. ಪರ್ಸಿನಿಂದ ತೆಗೆದು ಕೊಟ್ಟಳು.

ಪರದೆ ತುಂಬಿತು. ಮೇಡಂ ಮೊದಲ ಸಲ ನಕ್ಕರು. "ಓವರ್‌ಲಾಕ್ ಮೆಷಿನ್ನಿಗೆ ಸಾಲ, ಮೂವತ್ತಾರು ಕಂತು. ಒಂದು ದಿನಾನೂ ತಡ ಇಲ್ಲ. ಹೋದ ತಿಂಗಳು ಮುಗಿದಿದೆ. ಇಂಥವ್ರನ್ನ ಹಿಂದೆ ಕೂರಿಸಿದ್ದೀರಲ್ಲ. ನಿಮ್ಮ ಮನೆ ಪತ್ರ, ಇವ್ರ ಸಹಿ, ಎರಡಿದ್ರೆ ನಾಳೇನೇ ಆಗುತ್ತೆ."

ಅಪ್ಪ ಹಿಂದೆ ತಿರುಗಿ ನೋಡಲಿಲ್ಲ. ಬಟ್ಟೆಯ ಅಂಚು ಹೊಲಿಯುವ ಆ ಮೆಷಿನ್ನು ಅಂಗಡಿ ಯಜಮಾನರದು, ಕೆಲಸಕ್ಕೆಂದು ಕೊಟ್ಟಿದ್ದಾರೆ ಎಂದು ಮೂರು ವರ್ಷದ ಹಿಂದೆ ಅಕ್ಕ ಹೇಳಿದ್ದಳು. ಸಾಲದ್ದು ಎಂದಿದ್ದರೆ ಅದು ಹೊಸ್ತಿಲು ದಾಟಿ ಒಳಗೆ ಬರುತ್ತಿರಲಿಲ್ಲ. ಯಜಮಾನರ ಆ ಉಪಕಾರಕ್ಕೆ ಅಪ್ಪ ಅವರ ಮನೆಯ ನಲ್ಲಿ, ಟ್ಯಾಂಕು, ಬಚ್ಚಲ ಪೈಪು ಎಲ್ಲವನ್ನೂ ದುಡ್ಡು ಮುಟ್ಟದೆ ರಿಪೇರಿ ಮಾಡಿಕೊಡುತ್ತಿದ್ದರು. ಯಜಮಾನರೂ ಯಾಕೆಂದು ಕೇಳಿರಲಿಲ್ಲ.

"ಒಂದು ವಿಷಯ," ಎಂದರು ಮೇಡಂ, ಅಕ್ಕನಿಗೆ. "ಇದು ತೀರೋವರೆಗೂ ನಿಮ್ಮ ತಲೆ ಮೇಲೂ ಇರುತ್ತೆ. ನಿಮ್ಮ ಹೆಸರಲ್ಲಿ ಇನ್ನೊಂದು ಸಾಲ ಸಿಗೋದು ಕಷ್ಟ. ಏನಾದ್ರೂ ಯೋಚನೆ ಇತ್ತಾ?"

ಪರ್ಸಿನಲ್ಲಿ ಕಾರ್ಡು ಇದ್ದ ಜಾಗದ ಪಕ್ಕದಲ್ಲೇ ಒಂದು ಅರ್ಜಿ ನಾಲ್ಕು ಮಡಿಕೆಯಾಗಿ ಕೂತಿತ್ತು. ಬಸ್ ನಿಲ್ದಾಣದ ಎದುರು, ಮೆಟ್ಟಿಲ ಕೆಳಗಿನ ಸಣ್ಣ ಮಳಿಗೆ ಹಿಡಿಯಲು ಇದೇ ಬ್ಯಾಂಕಿನ ಸಾಲದ ಅರ್ಜಿ. ಮೊನ್ನೆಯೇ ತುಂಬಿದ್ದಳು.

"ಇಲ್ಲ," ಎಂದಳು.

ಏಳು ಕಡೆ ಸಹಿ ಹಾಕಬೇಕಿತ್ತು. ನಾಲ್ಕನೆಯದರ ಹೊತ್ತಿಗೆ ಅದು ಬೇರೆ ಯಾರದೋ ಹೆಸರಿನಂತೆ ಕಂಡಿತು. ಉಳಿದ ಮೂರನ್ನು ನೋಡಿ ನೋಡಿ ಬರೆದಳು.

ದಾರಿಯಲ್ಲಿ ತಂಗಿ ಅವಳ ತೋಳು ಹಿಡಿದುಕೊಂಡು ನಡೆದಳು. "ಅಕ್ಕಾ, ಮೊದಲನೇ ಸಂಬಳದಿಂದ್ಲೇ ನಾನೇ ಕಟ್ತೀನಿ."

"ಹೂಂ."

"ನಿನ್ನ ಹಲ್ಲು ಪೂರ್ತಿ ಫ್ರೀ."

"ನನ್ನ ಹಲ್ಲಿಗೇನಾಗಿದೆ?"

ಅಪ್ಪ ನಾಲ್ಕು ಹೆಜ್ಜೆ ಮುಂದೆ ಹೋಗುತ್ತಿದ್ದರು. ಮನೆಯ ಬೀಗ ತೆಗೆಯುವಾಗ, ಬಾಗಿಲಿಗೇ ಹೇಳುವಂತೆ ಕೇಳಿದರು: "ಹಾಗಾದ್ರೆ ಆ ಯಜಮಾನರ ಮನೆ ನಲ್ಲೀನ ನಾನ್ಯಾಕೆ ರಿಪೇರಿ ಮಾಡ್ದೆ?"

"ಸೋರ್ತಿತ್ತಲ್ಲಪ್ಪ," ಎಂದಳು ಅಕ್ಕ.

ಮರುದಿನ ಮಧ್ಯಾಹ್ನ ಅಪ್ಪ ಒಂದು ದಪ್ಪ ರಬ್ಬರ್ ವಾಷರ್ ಹಿಡಿದು ಅವಳ ಕೋಣೆಗೆ ಬಂದರು. ಮೆಷಿನ್ನಿನ ಮೇಜಿನ ಒಂದು ಕಾಲು ಗಿಡ್ಡ, ಓಡಿಸಿದಾಗಲೆಲ್ಲ ಅಲ್ಲಾಡುತ್ತಿತ್ತು. ಪರರ ವಸ್ತು, ಹೆಚ್ಚುಕಮ್ಮಿಯಾದರೆ ಮಾತು ಬರುತ್ತದೆಂದು ಮೂರು ವರ್ಷ ಅವರು ಅದನ್ನು ಮುಟ್ಟಿರಲಿಲ್ಲ.

ಬಗ್ಗಿ ನೋಡಿದರೆ ಆ ಕಾಲಿನ ಕೆಳಗೆ ಆಗಲೇ ಕಾಗದದ ಮಡಿಕೆಯೊಂದಿತ್ತು. ಎಳೆದು ಬಿಡಿಸಿದರು. ನೆಲದ ಮೇಲೆ ಕೂತು, ಮಗಳ ಹೆಸರಿನಿಂದ ಮಳಿಗೆಯ ನಂಬರಿನವರೆಗೆ ತುಟಿ ಅಲ್ಲಾಡಿಸುತ್ತ ಓದಿದರು. ಅಕ್ಕ ಸೂಜಿಗೆ ದಾರ ಪೋಣಿಸುತ್ತಲೇ ಇದ್ದಳು.

ಅಪ್ಪ ಅದನ್ನು ಹಳೆಯ ಗೆರೆಗಳ ಮೇಲೆಯೇ ಮಡಿಚಿ, ಮೇಜನ್ನು ಒಂದು ಕೈಯಲ್ಲಿ ತುಸು ಎತ್ತಿ, ಇದ್ದ ಜಾಗದಲ್ಲೇ ಇಟ್ಟರು. ವಾಷರು ಜೇಬಿಗೆ ಹೋಯಿತು.

"ಓಡಿಸಿ ನೋಡು."

ಅಕ್ಕ ಪೆಡಲ್ ಒತ್ತಿದಳು. ಮೇಜು ಅಲ್ಲಾಡಲಿಲ್ಲ.