ತಟ್ಟೆ ಬುಟ್ಟಿಗೆ ಬಿತ್ತು

ಯಲಹಂಕದ ಪುಟ್ಟೇನಹಳ್ಳಿ ಕೆರೆ ಪಕ್ಕದ ಪಾರ್ಕಿನಲ್ಲಿ ಆ ಆಟ ಶುರು ಮಾಡಿದವರು ಅಪಾರ್ಟ್‌ಮೆಂಟಿನ ಹುಡುಗರು. ಅವರು ಅದನ್ನು ಡಿಸ್ಕ್ ಗಾಲ್ಫ್ ಎನ್ನುತ್ತಿದ್ದರು. ವಾಕಿಂಗಿಗೆ ಬರುವ ಮಂದಿ ತಟ್ಟೆ ಆಟ ಅಂದರು, ಆ ಹೆಸರೇ ನಿಂತಿತು. ಪ್ಲಾಸ್ಟಿಕ್ ತಟ್ಟೆಯೊಂದನ್ನು ದೂರದಿಂದ ಬೀಸಿ ಎಸೆಯಬೇಕು, ಬಿದ್ದಲ್ಲಿಂದ ಎತ್ತಿ ಮತ್ತೆ ಎಸೆಯಬೇಕು, ಕೊನೆಗೆ ಕಬ್ಬಿಣದ ಬುಟ್ಟಿಯೊಂದಕ್ಕೆ ಬೀಳಿಸಬೇಕು. ಕಡಿಮೆ ಎಸೆತದಲ್ಲಿ ಮುಗಿಸಿದವನು ಗೆದ್ದ. ಬುಟ್ಟಿಯ ಮೇಲೆ ಸುತ್ತಲೂ ಸರಪಳಿಗಳು ಇಳಿಬಿದ್ದಿರುತ್ತವೆ. ತಟ್ಟೆ ಅವಕ್ಕೆ ಬಡಿದು, ಝಲ್ಲೆಂದು ಸದ್ದು ಮಾಡಿ, ಬುಟ್ಟಿಯೊಳಗೆ ಇಳಿಯುತ್ತದೆ.

ಆ ಬುಟ್ಟಿಗಳನ್ನು ಮಾಡಿಕೊಟ್ಟವನು ಊರಿನವನೇ ಆದ ಮುರುಗೇಶ. ಬಸ್ ಸ್ಟಾಪಿನ ಹಿಂದೆ ಅವನದೊಂದು ಗ್ರಿಲ್ ಅಂಗಡಿ. ಹುಡುಗರು ಮೊಬೈಲಿನಲ್ಲಿ ತಂದ ಚಿತ್ರ ನೋಡಿ, ನೀರಿನ ಪೈಪು ಕತ್ತರಿಸಿ, ಉಯ್ಯಾಲೆ ಸರಪಳಿ ತೂಗುಹಾಕಿ ಬೆಸೆದುಕೊಟ್ಟ. ಸರಪಳಿ ತಟ್ಟೆಯನ್ನು ತಡೆಯುತ್ತದೋ ಇಲ್ಲವೋ ನೋಡಲು ತಾನೇ ನಾಲ್ಕು ಸಲ ಎಸೆದ. ಅಷ್ಟೇ, ಕೆಟ್ಟ. ನಲವತ್ತು ದಾಟಿದವನಿಗೆ ಹುಚ್ಚು ಹಿಡಿದರೆ ಬಿಡಿಸುವ ದೇವರಿಲ್ಲ. ಭಾನುವಾರ ಸಂಜೆಯಾದರೆ ಹೆಂಡತಿ ಸುಮಾಳನ್ನೂ ಎಳೆದುಕೊಂಡು ಹೊರಟುಬಿಡುತ್ತಿದ್ದ. ಮನೆಯ ತಟ್ಟೆ ಒಂದು ದಿನ ಎತ್ತಿಟ್ಟವರಲ್ಲ, ಇಲ್ಲಿ ಬಗ್ಗಿ ಬಗ್ಗಿ ಎತ್ತುತ್ತೀರಲ್ಲ ಎಂದು ಅವಳು ರೇಗಿಸುತ್ತಿದ್ದಳು. ಆದರೆ ಅವಳಿಗೂ ಆ ಸಂಜೆಗಳು ಇಷ್ಟವಾಗಿದ್ದವು. ಮದುವೆಯಾದ ಮೇಲೆ ಗಂಡ ಅವಳನ್ನು ಕರೆದುಕೊಂಡು ಆಡಿದ್ದು ಅದೊಂದೇ ಆಟ.

ಆ ಆಟದಲ್ಲೇ ಅವನ ಕಣ್ಣು ಕೆಟ್ಟಿರುವುದು ಗೊತ್ತಾದದ್ದು. ಕೈಬಿಟ್ಟ ತಟ್ಟೆ ಎಲ್ಲಿ ಹೋಯಿತೆಂದು ಅವನಿಗೆ ಕಾಣುತ್ತಿರಲಿಲ್ಲ. ಹೆಬ್ಬಾಳದ ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ಒಳಗೆ ಪ್ರೆಶರ್ ಏರಿದೆ, ಎಡಗಣ್ಣು ಆಗಲೇ ಹೋಗಿದೆ ಅಂದರು. ಬಲಗಣ್ಣಿನಲ್ಲಿ ಪೈಪಿನೊಳಗಿಂದ ನೋಡಿದ ಹಾಗೆ ನೇರಕ್ಕೆ ಮಾತ್ರ ಒಂದಿಷ್ಟು ಕಾಣುತ್ತಿತ್ತು. ಹೋದದ್ದು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬೇಕಾದರೆ ಬೇಗ ಆಪರೇಷನ್ ಮಾಡಬೇಕು ಎಂದು ಗುರುವಾರದ ದಿನ ಕೊಟ್ಟರು.

ಮುರುಗೇಶ ಹೂಂ ಅಂದ. ಆದರೆ ಹೆದರಿ ನೀರಾಗಿದ್ದ. ಅವನ ಅಪ್ಪ ಮುನಿಕೃಷ್ಣಪ್ಪ ಹಿಂದೆ ಯಾವುದೋ ಶಿಬಿರದಲ್ಲಿ ಕಣ್ಣು ಕುಯ್ಯಿಸಿಕೊಂಡು ಬಂದವನು, ಸಾಯುವ ತನಕ ಗೋಡೆ ಹಿಡಿದು ಓಡಾಡಿದ್ದ.

ಮುರುಗೇಶನ ತಾಯಿ ದೊಡ್ಡಮುನಿಯಮ್ಮನಿಗೆ ಇದಕ್ಕೊಂದು ದಾರಿ ಗೊತ್ತಿತ್ತು. "ಮಾರಮ್ಮನ ತಾವ ಓಗಿ ಹೂ ಕೇಳವ. ಬಲಕ್ಕೆ ಬಿದ್ರೆ ಮಾಡ್ಸವ, ಎಡಕ್ಕೆ ಬಿದ್ರೆ ಬ್ಯಾಡ. ನಮ್ಮನೇಲಿ ಬೋರ್ ಕೊರ್ಸಾಕೂ ಕೇಳಿದ್ವಿ, ನಿನ್ನ ತರಾಕೂ ಕೇಳಿದ್ವಿ."

"ಅವತ್ತು ಎಡಕ್ಕೆ ಬಿದ್ದಿದ್ರೆ ನಾನಾದ್ರೂ ಬಚಾವಾಗ್ತಿದ್ದೆ ಅತ್ತೆ," ಅಂದಳು ಸುಮಾ. ಆಮೇಲೆ ನಗು ಬಿಟ್ಟು, "ಡಾಕ್ಟ್ರು ಡೇಟ್ ಕೊಟ್ಟಾಗಿದೆ. ಈಗ ಹೂ ಎಡಕ್ಕೆ ಬಿದ್ರೆ ಏನ್ ಮಾಡ್ತೀರಾ? ಕೇಳೋದೇ ಬೇಡ," ಅಂದಳು.

"ಅವಳು ಹೇಳೋದು ಸರಿ ಬಿಡವ್ವ," ಅಂದ ಮುರುಗೇಶ. ಬಾಯಿ ಒಪ್ಪಿತ್ತು, ಜೀವ ಒಪ್ಪಿರಲಿಲ್ಲ. ಹುಟ್ಟಿದಾಗಿನಿಂದ ದೊಡ್ಡದೊಂದನ್ನೂ ಅಮ್ಮನವರನ್ನು ಕೇಳದೆ ಮಾಡಿದ ಮನೆಯಲ್ಲ ಅದು.

ಗುರುವಾರಕ್ಕೆ ಮುಂಚಿನ ಭಾನುವಾರವೂ ಪಾರ್ಕಿಗೆ ಹೋದರು. ಸುಮಾ ಬುಟ್ಟಿಯ ಬಳಿ ನಿಂತು ತಟ್ಟೆ ಎಲ್ಲಿ ಬಿತ್ತೆಂದು ಕೂಗಿ ಹೇಳುತ್ತಿದ್ದಳು. ಇದ್ದದ್ದನ್ನೇ ಹೇಳುತ್ತಿದ್ದಳು, ಒಂದು ಎಸೆತದಲ್ಲೂ ಅವನ ಮನಸ್ಸು ಹಿಡಿಯಲು ಸುಳ್ಳಾಡಿದವಳಲ್ಲ. ಕೊನೆಯ ಬುಟ್ಟಿ ಕೆರೆಯ ಬೇಲಿ ಪಕ್ಕ ಹೊಂಗೆ ಮರದ ಕೆಳಗಿತ್ತು. ಮುರುಗೇಶ ಅಲ್ಲಿಂದ ಬಹಳ ದೂರದಲ್ಲಿ ನಿಂತ. ಚಪ್ಪಲಿ ಬಿಟ್ಟ. ತಟ್ಟೆಯನ್ನು ಎದೆಗೆ ಹಿಡಿದುಕೊಂಡು ಸುಮ್ಮನೆ ನಿಂತೇ ಇದ್ದ. ಕಾಲು ಜಾರುತ್ತದೆಂದು ಚಪ್ಪಲಿ ಬಿಟ್ಟಿದ್ದಾನೆ ಅಂದುಕೊಂಡಳು ಸುಮಾ. ಗುರುವಾರದ ನಂತರ ಇವನು ಎಷ್ಟು ದಿನ ಆಡುವ ಹಾಗಿಲ್ಲವೋ, ಇದೊಂದು ಬಿದ್ದರೆ ಧೈರ್ಯವಾಗಿ ಆಸ್ಪತ್ರೆಗೆ ಬರುತ್ತಾನೆ ಎಂದು ಅವಳು ಸರಪಳಿಯ ಹತ್ತಿರಕ್ಕೆ ಸರಿದಳು.

ತಟ್ಟೆ ಬಂತು. ಬುಟ್ಟಿಯ ಪಕ್ಕದಲ್ಲೇ ಹಾದು ಹುಲ್ಲಿನ ಮೇಲೆ ಸದ್ದಿಲ್ಲದೆ ಜಾರಿತು. ಹಾದುಹೋಗುವಾಗಲೇ ಸುಮಾ ಅಂಗೈಯಿಂದ ಸರಪಳಿಗೆ ಬಡಿದಳು.

"ಬಿತ್ತಾ?"

"ಬಿತ್ತು ಕಣ್ರೀ. ಒಂದೇ ಏಟಿಗೆ."

ಮುರುಗೇಶ ಎರಡೂ ಕೈ ಜೋಡಿಸಿ ಹಣೆಗೊತ್ತಿಕೊಂಡ. ಅವನು ಅಷ್ಟು ಹಗುರಾಗಿ ಮನೆಗೆ ನಡೆದದ್ದನ್ನು ಅವಳು ಎಷ್ಟೋ ತಿಂಗಳಿಂದ ನೋಡಿರಲಿಲ್ಲ. ಒಳ್ಳೆಯ ಕೆಲಸ ಮಾಡಿದೆ ಎಂದು ಅವಳಿಗೆ ಖುಷಿಯೂ ಆಯಿತು.

ಬುಧವಾರ ಅವಳು ಆಸ್ಪತ್ರೆಗೆ ಬಟ್ಟೆ ತುಂಬುತ್ತಿದ್ದಾಗ ಅವನು ಚೀಲ ಪಕ್ಕಕ್ಕಿಟ್ಟ.

"ಬಿಡು ಸುಮಾ. ನಾನು ಹೋಗಲ್ಲ. ಅಮ್ಮನವ್ರು ಬೇಡ ಅಂದ್ಬಿಟ್ರು."

"ಗುಡಿಗೆ ಹೋಗಿದ್ರಾ?"

"ಇಲ್ಲ. ನೀನು ಬೇಡ ಅಂದಿದ್ಯಲ್ಲ. ಭಾನುವಾರ ಪಾರ್ಕಲ್ಲೇ ಕೇಳ್ದೆ. ಬಿದ್ರೆ ಆಪರೇಷನ್ ಬೇಡ, ಬೀಳ್ದಿದ್ರೆ ಹೋಗ್ತೀನಿ ಅಂತ. ಅಷ್ಟು ದೂರದಿಂದ ಕಣ್ಣು ನೆಟ್ಟಗಿದ್ದಾಗ್ಲೂ ಹಾಕಿಲ್ಲ ನಾನು. ಬೀಳಲ್ಲ ಅಂತಾನೇ ಇದ್ದೆ, ಆಸ್ಪತ್ರೆಗೆ ಹೊರಡೋಕೆ ರೆಡಿಯಾಗಿದ್ದೆ. ಬಿತ್ತಲ್ಲ."

ಸುಮಾ ಒಂದು ಗಳಿಗೆಯೂ ತಡಮಾಡದೆ ಹೇಳಿದಳು. "ಅದು ಬೀಳ್ಲಿಲ್ಲ ರೀ. ನಾನು ಕೈಯಲ್ಲಿ ಬಡಿದೆ. ತಟ್ಟೆ ಹುಲ್ಲಲ್ಲಿ ಬಿದ್ದಿತ್ತು."

ಮುರುಗೇಶ ಅವಳನ್ನು ಪೈಪಿನೊಳಗಿಂದ ನೋಡಿ ನಕ್ಕ. "ಹಿಂಗೆ ಹೇಳ್ತೀಯ ಅಂತ ಗೊತ್ತಿತ್ತು ನಂಗೆ."

"ತಾಳಿ ಮುಟ್ಟಿ ಹೇಳ್ತೀನಿ."

"ಗಂಡನ್ನ ಆಸ್ಪತ್ರೆಗೆ ಹೊರಡಿಸೋಕೆ ತಾಳಿ ಮೇಲೂ ಸುಳ್ಳಾಣೆ ಮಾಡ್ತೀಯ ನೀನು. ಇಷ್ಟು ವರ್ಷ ನೋಡಿಲ್ವಾ ನಿನ್ನ?"

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಒದ್ದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು. ಅವನು ಪ್ರೀತಿಯಿಂದ ಬೆನ್ನು ತಟ್ಟಿದ. ಸುಮಾ ಅತ್ತೆಯ ಹತ್ತಿರ ಓಡಿದಳು. ಹೂ ಕೇಳುವುದೇ ಬೇಡ ಅಂದಿದ್ದವಳು ಈಗ ಕಾಲಿಗೆ ಬಿದ್ದಳು. "ಅತ್ತೆ, ಬನ್ನಿ, ಈಗ್ಲೇ ಗುಡಿಗೆ ಹೋಗೋಣ. ಹೂ ಕೇಳೋಣ."

ಪಾರ್ಕಿನಲ್ಲಿ ಕೇಳಿದ್ದನ್ನು ಮಗ ಆಗಲೇ ಹೇಳಿದ್ದ. ದೊಡ್ಡಮುನಿಯಮ್ಮ ಬೇಡವೆಂದು ತಲೆಯಾಡಿಸಿದಳು. "ಕೇಳಿ ಆಯ್ತಲ್ಲವ್ವ. ಒಂದೇ ಮಾತ್ನ ಎರಡು ಸಲ ಕೇಳ್ಬಾರ್ದು. ಮುನಿಸ್ಕೊಂತಾಳೆ. ಅವತ್ತೇ ಬಿಟ್ಟಿದ್ರೆ ಗುಡೀಲೇ ಕೇಳ್ತಿದ್ವಿ."

ಗುರುವಾರ ಕಳೆಯಿತು. ಸುಮಾ ಅತ್ತಳು, ಅನ್ನ ಬಿಟ್ಟಳು, ಡಾಕ್ಟರಿಂದ ಫೋನು ಮಾಡಿಸಿದಳು. ಅವಳು ಅತ್ತಷ್ಟೂ ಮುರುಗೇಶನ ನಂಬಿಕೆ ಗಟ್ಟಿಯಾಯಿತು. ಕಣ್ಣಿಗೆ ಡಾಕ್ಟರು ಬರೆದುಕೊಟ್ಟ ಹನಿ ಮಾತ್ರ ತಪ್ಪದೆ ಹಾಕಿಸಿಕೊಂಡ. ಪಾರ್ಕಿಗೆ ಕರೆದರೆ ಅವಳು ಹೋಗಲಿಲ್ಲ. ಆಷಾಢ ಕಳೆದು ಶ್ರಾವಣ ಬಂತು. ಒಂದು ಬೆಳಿಗ್ಗೆ ಅಂಗಡಿಯ ಬೀಗ ತೆಗೆಯಲು ಹೋದವನು ಬೀಗವನ್ನು ತಡಕುತ್ತ ಅಲ್ಲೇ ಕುಳಿತುಬಿಟ್ಟ. ಪಕ್ಕದ ಅಂಗಡಿಯ ನರಸಿಂಹಯ್ಯ ಕೈಹಿಡಿದು ಮನೆಗೆ ಕರೆತಂದ.

ಹೆಬ್ಬಾಳಕ್ಕೆ ಆಗ ತಾನಾಗಿಯೇ ಹೊರಟ. ಡಾಕ್ಟರು ಬಹಳ ಹೊತ್ತು ನೋಡಿ, ಇನ್ನೇನೂ ಮಾಡುವ ಹಾಗಿಲ್ಲ ಅಂದರು. "ಅವತ್ತು ಬಂದಿದ್ರೆ ಉಳೀತಿತ್ತಾ ಸಾರ್?" ಎಂದು ಮುರುಗೇಶ ಕೇಳಿದ. "ಬಹುಶಃ ಉಳೀತಿತ್ತು," ಅಂದರು ಅವರು.

ಊಟಕ್ಕೆ ಕೂತಾಗ ತುತ್ತು ಕೈಯಲ್ಲೇ ಹಿಡಿದುಕೊಂಡು ಕೇಳಿದ. "ಸುಮಾ, ಅವತ್ತು ಸರಪಳಿ ನೀನೇ ಬಡಿದೆ ಅಂದಿದ್ಯಲ್ಲ. ಈಗ ನಿಜ ಹೇಳು."

ಆ ಮಾತಿಗಾಗಿ ಅವಳು ತಿಂಗಳುಗಟ್ಟಲೆ ಕಾದಿದ್ದಳು. ನಂಬಲು ಈಗ ಸಿದ್ಧನಿದ್ದ, ಆದರೆ ನಂಬಿ ಇನ್ನು ಮಾಡುವುದೇನು? ಅಮ್ಮನವರು ಹೇಳಿದ್ದು, ಹಣೆಯಲ್ಲಿ ಬರೆದದ್ದು ಅಂದುಕೊಂಡರೆ ಈ ಕತ್ತಲೆಯನ್ನು ಹೇಗೋ ಹೊತ್ತಾನು. ಹೆಂಡತಿಯ ಕೈಯಿಂದ ಆದದ್ದು ಎಂದರೆ, ಬಚ್ಚಲಿಗೂ ಬೀದಿಗೂ ಅದೇ ಕೈ ಹಿಡಿದು ಹೋಗಬೇಕಾದವನು.

"ಇಲ್ಲ ರೀ. ಅದು ಬಿದ್ದಿತ್ತು. ನಿಮ್ಮನ್ನ ಆಸ್ಪತ್ರೆಗೆ ಹೊರಡಿಸೋಕೆ ಸುಳ್ಳು ಹೇಳ್ದೆ."

"ತಾಳಿ ಮುಟ್ಟಿ ಹೇಳಿದ್ದೆ."

"ಹೂಂ. ಅದೂ ಸುಳ್ಳೇ."

ಮುರುಗೇಶನ ಮುಖ ಸಡಿಲವಾಯಿತು. "ನಾನು ಆಗ್ಲೇ ಹೇಳಿದ್ನಲ್ಲ," ಅಂದ. ಆಮೇಲೆ ನಿಧಾನವಾಗಿ ಊಟ ಮುಗಿಸಿ, ಎಡಗೈ ಮುಂದೆ ಚಾಚಿ, "ಕೈ ಕೊಡು, ಏಳ್ತೀನಿ," ಅಂದ.

ಸುಮಾ ಕೈ ಕೊಟ್ಟಳು.